ಕಲಿಸಿದವರ ಋಣ

ಆ ಹುಡುಗಿ ಫೋನ್ ಮಾಡಿದಾಗ ರಾತ್ರಿ ಹತ್ತೂವರೆ. 2022ನೇ ಇಸವಿ, ಮಳೆಗಾಲ ಮುಗಿಯುತ್ತ ಬಂದ ದಿನಗಳು. ಅಂದು ಶನಿವಾರ; ಮಾರನೆಯ ದಿನ ಭಾನುವಾರ, ಅದರಾಚೆಯ ದಿನ ಹಬ್ಬದ ರಜೆ. ನನ್ನ ಕೈಯಲ್ಲಿ ಕಲಿತವಳು, ಘಟ್ಟದ ಅಂಚಿನ ಒಂದು ಉಪಕೇಂದ್ರದಲ್ಲಿ ನರ್ಸಾಗಿದ್ದಾಳೆ. "ಮೇಡಂ, ಮಲಗಿದ್ರಾ?" ಎಂದು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು.

ಅವಳ ಹಳ್ಳಿಯಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಅಡಿಕೆ ಸುಲಿಯುವ ಕೂಲಿ. ಎಲೆಯಡಿಕೆ, ಹೊಗೆಸೊಪ್ಪು ಬಾಯಲ್ಲಿಲ್ಲದ ಹೊತ್ತೇ ಇರಲಿಲ್ಲ. ದವಡೆಯ ಕ್ಯಾನ್ಸರ್. ದೊಡ್ಡಾಸ್ಪತ್ರೆಯೊಂದರಲ್ಲಿ "ಇನ್ನೇನೂ ಮಾಡುವಂತಿಲ್ಲ, ಮನೆಗೆ ಕರೆದುಕೊಂಡು ಹೋಗಿ" ಎಂದು ಕಳಿಸಿ ನಾಲ್ಕು ತಿಂಗಳಾಗಿತ್ತು. ಜಿಲ್ಲಾ ಕೇಂದ್ರದ ವೈದ್ಯರೊಬ್ಬರು ಬರೆದುಕೊಟ್ಟ ಮಾರ್ಫಿನ್ ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ ಕದಡಿ ಕುಡಿಸುತ್ತಿದ್ದರು. ನೋವು ಏರಿದಂತೆ ವೈದ್ಯರು ಮಾತ್ರೆಯನ್ನೂ ಏರಿಸಿದರು. ಹೀಗಾಗಿ ಅದು ಎಣಿಸಿದ್ದಕ್ಕಿಂತ ಮೊದಲೇ ಮುಗಿಯಿತು. ಮುಗಿಯುತ್ತದೆಂದು ಗುರುವಾರವೇ ಇವಳು ಲೆಕ್ಕ ಹಾಕಿ ಫೋನ್ ಮಾಡಿದ್ದಳು. ಆದರೆ ಆ ವೈದ್ಯರು ನೆಂಟರ ಮದುವೆಗೆಂದು ಪರಊರಿಗೆ ಹೋಗಿದ್ದರು. ಉಳಿದವರಿಗೆ ಆ ಔಷಧಿಯ ಚೀಟಿಗೆ ಸಹಿ ಹಾಕಲು ಭಯ.

"ಮೇಡಂ, ನನ್ನ ಕಪಾಟಿನಲ್ಲಿ ಹನ್ನೆರಡು ಮಾತ್ರೆ ಇದೆ. ಹೋದ ವಾರ ತೀರಿಕೊಂಡ ಅಜ್ಜನ ಮನೆಯವರು ವಾಪಸ್ ಕೊಟ್ಟಿದ್ದು. ಜಿಲ್ಲೆಗೆ ಕಳಿಸಬೇಕು. ಇಲ್ಲಿ ಈ ಅಮ್ಮ ಗೋಡೆಗೆ ತಲೆ ಚಚ್ಚಿಕೊಳ್ತಿದಾರೆ. ಕೊಡ್ಲಾ?"

ನಾನು ಅವಳಿಗೆ ಎರಡೂ ಪಾಠಗಳನ್ನು ಹೇಳಿದ್ದೆ. ಉಳಿದ ಮಾರ್ಫಿನ್ ಮಾತ್ರೆಯನ್ನು ಎಣಿಸಿ ದಾಖಲೆ ಬರೆದು ಮರಳಿಸಬೇಕು, ಒಬ್ಬರಿಗೆಂದು ಬಂದದ್ದನ್ನು ಇನ್ನೊಬ್ಬರಿಗೆ ಕೊಡಬಾರದು ಎಂಬುದು ಒಂದು. ನೋವನ್ನು ಕಂಡೂ ಬಿಟ್ಟು ಬರಬಾರದು, ಮಾರ್ಫಿನನ್ನು ಥಟ್ಟನೆ ನಿಲ್ಲಿಸಬಾರದು ಎಂಬುದು ಇನ್ನೊಂದು. ಎರಡನ್ನೂ ಒಂದೇ ಮಧ್ಯಾಹ್ನ ಕಪ್ಪು ಹಲಗೆಯ ಮೇಲೆ ಬರೆದಿದ್ದೆ. ಅವು ಒಂದು ರಾತ್ರಿ ಹೀಗೆ ಎದುರುಬದುರಾಗಿ ನಿಲ್ಲಬಹುದೆಂದು ಬರೆದಿರಲಿಲ್ಲ.

"ಅರ್ಧ ಗಂಟೆ ತಡಿ ಮಗೂ" ಎಂದೆ. ಅವಳು ಫೋನಿಡುವ ಮೊದಲು ಹೇಳಿದ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ: "ಇದೆಲ್ಲ ಗೊತ್ತಾಗದೇ ಇದ್ದಿದ್ರೇ ಚೆನ್ನಾಗಿತ್ತು ಮೇಡಂ. ಒಂದು ಇಂಜೆಕ್ಷನ್ ಚುಚ್ಚಿ ಮನೆಗೆ ಹೋಗ್ತಿದ್ದೆ."

ನಿವೃತ್ತಳಾದ ಮೇಲೆ ನಾವು ನಾಲ್ಕಾರು ಜನ ಸೇರಿ ಹಳ್ಳಿಗಳಲ್ಲಿ ಕೆಲಸ ಮಾಡುವ ಸಾಮಾನ್ಯ ನರ್ಸುಗಳಿಗೆ ಹತ್ತು ದಿನದ ಒಂದು ತರಬೇತಿ ನಡೆಸುತ್ತಿದ್ದೇವೆ. ಗುಣವಾಗದ ಕಾಯಿಲೆಯವರನ್ನು ಅವರವರ ಮನೆಯಲ್ಲೇ, ಆದಷ್ಟು ನೋವಿಲ್ಲದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಅದರ ವಿಷಯ. ಪುಸ್ತಕದಲ್ಲಿ ಇದಕ್ಕೆ ಉಪಶಮನ ಆರೈಕೆ ಎಂದು ಹೆಸರು. ನಾನು ಇದನ್ನು ಕಲಿತದ್ದು 2006ರಲ್ಲಿ, ಕಲ್ಲಿಕೋಟೆಯಲ್ಲಿ ಆರು ವಾರ ಇದ್ದಾಗ. ಅಲ್ಲಿಯ ಮೆಡಿಕಲ್ ಕಾಲೇಜಿನಲ್ಲಿದ್ದ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು 1993ರಲ್ಲಿ ಹುಟ್ಟುಹಾಕಿದ ಸಂಸ್ಥೆಯಿಂದ ಆರಂಭವಾದ ಈ ಕೆಲಸ, ಮುಂದೆ ಊರೂರಿನ ಸ್ವಯಂಸೇವಕರ ಕೈಗೆ ಹೋಗಿ ಇಡೀ ಕೇರಳಕ್ಕೆ ಹಬ್ಬಿತು. 2008ರಲ್ಲಿ ಆ ಸರ್ಕಾರ ಇದಕ್ಕೊಂದು ನೀತಿಯನ್ನೇ ರೂಪಿಸಿತು. ನಮ್ಮ ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಅದು. ಅಲ್ಲಿ ನಾನು ಕಂಡ ಮುಖ್ಯ ಸಂಗತಿಯೆಂದರೆ, ಮನೆಮನೆಗೆ ಹೋಗುವ ವ್ಯಾನಿನಲ್ಲಿ ಮುಂದಿನ ಸೀಟಿನಲ್ಲಿ ಕೂತಿರುತ್ತಿದ್ದವಳು ನರ್ಸ್. ವೈದ್ಯರು ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಬರುವರು.

ಕಲಿಸುವುದರಲ್ಲಿ ಬಹುಪಾಲು ಸಣ್ಣ ಸಂಗತಿಗಳೇ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಒಣಗಿದ ಬಾಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು. ಕುದಿಸಿ ಆರಿಸಿದ ಉಪ್ಪುನೀರಿನಿಂದ ಹುಣ್ಣು ತೊಳೆಯುವುದು. ಕ್ಯಾನ್ಸರಿನ ಹುಣ್ಣು ನಾರುವಾಗ ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಮಾತ್ರೆಯನ್ನೇ ನುಣ್ಣಗೆ ಪುಡಿಮಾಡಿ ಉದುರಿಸಿದರೆ ನಾಲ್ಕಾರು ದಿನದಲ್ಲಿ ವಾಸನೆ ಇಳಿಯುತ್ತದೆ. ಎಷ್ಟೋ ಮನೆಗಳಲ್ಲಿ ಮೊಮ್ಮಕ್ಕಳು ಅಜ್ಜಿಯ ಕೋಣೆಗೆ ಮತ್ತೆ ಬರಲು ಅಷ್ಟು ಸಾಕಾಗುತ್ತದೆ. ಮಾರ್ಫಿನ್ ಕೊಟ್ಟಲ್ಲೆಲ್ಲ ಮಲಬದ್ಧತೆಗೆ ಔಷಧಿಯನ್ನೂ ಜೊತೆಗೇ ಕೊಡಬೇಕು. ನೋವು ಬಂದಾಗ ಕೊಡುವುದಲ್ಲ, ಬರುವ ಮೊದಲೇ ನಾಲ್ಕು ಗಂಟೆಗೊಮ್ಮೆ ಕೊಡಬೇಕು. ರಾತ್ರಿ ಮಲಗುವಾಗ ಎರಡರಷ್ಟು ಕೊಟ್ಟು ನಿದ್ದೆಗೆ ಬಿಡಬೇಕು. ನೋವನ್ನು ಅಳೆಯುವುದಕ್ಕೆ ಪುಸ್ತಕದಲ್ಲಿ ಸೊನ್ನೆಯಿಂದ ಹತ್ತರವರೆಗೆ ಎಂದಿದೆ. ನಮ್ಮ ಮುದುಕರಿಗೆ ಅದು ಹಿಡಿಸುವುದಿಲ್ಲ. "ರೂಪಾಯಿಗೆ ಎಷ್ಟಾಣೆ ನೋವು ಅಜ್ಜಿ?" ಎಂದರೆ ಕೂಡಲೇ "ಹನ್ನೆರಡಾಣೆ ಕಾಣೇ" ಎನ್ನುತ್ತಾರೆ. ಅಣೆ ಹೋಗಿ ಇಷ್ಟು ಕಾಲವಾದರೂ ಆ ಲೆಕ್ಕ ಹೋಗಿಲ್ಲ.

ಹೀಗೆ ಕಲಿತ ಮೇಲೆ ಏನಾಗುತ್ತದೆಂದರೆ, ಮೊದಲು ಕಾಣದಿದ್ದುದು ಕಾಣತೊಡಗುತ್ತದೆ. ಮೂಲೆಯ ಹಾಸಿಗೆಯ ನರಳಾಟ ಕಾಯಿಲೆಯ ಒಂದು ಭಾಗ ಎಂದುಕೊಂಡಿದ್ದವಳಿಗೆ, ಅದು ಇಳಿಸಬಹುದಾದ ನೋವು ಎಂದು ಗೊತ್ತಾಗುತ್ತದೆ. ಆದರೆ ಇಳಿಸುವ ಔಷಧಿಗೆ ಸಹಿ ಹಾಕುವ ಕೈ ಅವಳದಲ್ಲ. ಹಾಗಾದರೆ, ಪರಿಹರಿಸುವ ಅಧಿಕಾರವಿಲ್ಲದವರಿಗೆ ನೋವನ್ನು ಗುರುತಿಸುವ ಕಣ್ಣು ಕೊಡುವುದು ನ್ಯಾಯವೆ? ಆ ರಾತ್ರಿ ಹುಡುಗಿ ಕೇಳಿದ್ದು ಇದನ್ನೇ.

ಇದಕ್ಕೆ ಉತ್ತರ ಹುಡುಕುವಾಗ ನನ್ನದೇ ಒಂದು ಹಳೆಯ ತಪ್ಪು ನೆನಪಾಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತು, 1982 ಇರಬೇಕು. ಆಸ್ಪತ್ರೆಯ ಹೆಸರು ಬೇಡ. ಬೆನ್ನುಮೂಳೆಗೆ ಕ್ಯಾನ್ಸರ್ ಹಬ್ಬಿದ್ದ ಒಬ್ಬ ಶಾಲಾ ಮೇಷ್ಟರು ರಾತ್ರಿಯೆಲ್ಲ ಕೂಗುತ್ತಿದ್ದರು. ಕೇಸ್‌ಶೀಟಿನಲ್ಲಿ ಬರೆದಿದ್ದಂತೆ ನಾನು ಅವರಿಗೆ ಡಿಸ್ಟಿಲ್ಡ್ ವಾಟರ್ ಇಂಜೆಕ್ಷನ್ ಕೊಡುತ್ತಿದ್ದೆ. ಬರಿಯ ನೀರು. "ಈಗ ಕಡಿಮೆ ಆಗುತ್ತೆ ಸಾರ್" ಎನ್ನುತ್ತಿದ್ದೆ. ಮೂರನೆಯ ರಾತ್ರಿ ಅವರು ನನ್ನ ಮುಖ ನೋಡಿ, "ಅದನ್ನು ಇಟ್ಟುಬಿಡಮ್ಮ, ನಿನಗೂ ಸುಮ್ಮನೆ ಕೆಲಸ" ಎಂದರು. ಅವರಿಗೆ ಗೊತ್ತಾಗಿತ್ತು. ಆದರೂ ಅವರು ನನ್ನನ್ನು ಬೈಯಲಿಲ್ಲ. ಅವತ್ತು ಡ್ಯೂಟಿ ಮುಗಿಸಿ ಹಾಸ್ಟೆಲಿಗೆ ಹೋದ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಕಲ್ಲಿಕೋಟೆಯಲ್ಲಿ ಮೊದಲ ವಾರ ಪಾಠ ಕೇಳುತ್ತಿದ್ದಾಗ, ಇಪ್ಪತ್ತನಾಲ್ಕು ವರ್ಷ ತಡವಾಗಿ, ನನಗೆ ನಿದ್ದೆ ತಪ್ಪಿತು.

ನನ್ನ ಅಜ್ಞಾನದಿಂದ ಆ ಮೇಷ್ಟರ ನೋವು ಒಂದಾಣೆಯಷ್ಟೂ ಕಡಿಮೆಯಾಗಲಿಲ್ಲ. ಕಡಿಮೆಯಾದದ್ದು ನನ್ನದು ಮಾತ್ರ. ಗೊತ್ತಿಲ್ಲದವರ ನೆಮ್ಮದಿಗೆ ಬೆಲೆ ತೆರುವವರು ಹಾಸಿಗೆಯ ಮೇಲಿರುತ್ತಾರೆ. ಆದ್ದರಿಂದ ಕಲಿಸಬಾರದು ಎಂದು ನಾನು ಹೇಳಲಾರೆ. ಆದರೆ ಕಲಿಸಿ ಸರ್ಟಿಫಿಕೇಟು ಕೊಟ್ಟು, ಫೋಟೊ ತೆಗೆಸಿಕೊಂಡು, ಬಸ್ಸು ಹತ್ತಿಸಿ ಕಳಿಸಿಬಿಟ್ಟರೆ ನಮ್ಮ ಕೆಲಸ ಮುಗಿಯಿತೆ? ಹಾಗೆ ಮಾಡಿದಾಗ ನಾವು ಮಾಡಿದ್ದು ನಮ್ಮ ಹೆಗಲ ಭಾರವನ್ನು ಇಪ್ಪತ್ತೈದರ ಹುಡುಗಿಯೊಬ್ಬಳ ಹೆಗಲಿಗೆ ದಾಟಿಸಿದ್ದು ಅಷ್ಟೆ.

ಈ ಭಾರದ ಚರಿತ್ರೆಯೂ ನರ್ಸುಗಳಿಂದಲೇ ಆರಂಭವಾಗುತ್ತದೆ. ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಮೊದಲು ಕಲಿತದ್ದು ನರ್ಸಿಂಗ್. ಬೆನ್ನುನೋವಿನಿಂದ ಆ ಕೆಲಸ ಬಿಟ್ಟ ಮೇಲೂ ಲಂಡನ್ನಿನ ಸೇಂಟ್ ಲ್ಯೂಕ್ಸ್ ಎಂಬಲ್ಲಿ, ಸಾವಿನ ಹತ್ತಿರವಿದ್ದವರ ಬಳಿ, ಬಿಡುವಿನಲ್ಲಿ ಸೇವೆ ಮಾಡುತ್ತಿದ್ದರು. ಅಲ್ಲಿ ಮಾರ್ಫಿನನ್ನು ರೋಗಿ ಕೂಗುವವರೆಗೆ ಕಾಯದೆ ಹೊತ್ತುಹೊತ್ತಿಗೆ ಕೊಡುತ್ತಿದ್ದುದನ್ನು ಕಂಡರು. ಇದನ್ನು ಎಲ್ಲೆಡೆ ಮಾಡಬೇಕೆಂದು ಹೊರಟಾಗ ಪರಿಚಯದ ಸರ್ಜನ್ ಒಬ್ಬರು, ನೀನು ಡಾಕ್ಟರಾಗದೆ ನಿನ್ನ ಮಾತನ್ನು ಯಾರೂ ಕೇಳುವುದಿಲ್ಲ ಎಂಬ ಅರ್ಥದ ಬುದ್ಧಿ ಹೇಳಿದರಂತೆ. ಮೂವತ್ತು ದಾಟಿದ ಮೇಲೆ ಅವರು ವೈದ್ಯಶಾಸ್ತ್ರ ಓದಿ 1957ರಲ್ಲಿ ಡಾಕ್ಟರಾದರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆರಂಭಿಸಿದರು. ಜಗತ್ತು ಇದನ್ನು ದೊಡ್ಡ ಸಾಧನೆಯ ಕಥೆಯಾಗಿ ಹೇಳುತ್ತದೆ, ನಿಜವೇ. ನನಗೆ ಮಾತ್ರ ಇದರಲ್ಲಿ ಒಂದು ಅವಮಾನವೂ ಕಾಣುತ್ತದೆ. ನರ್ಸಿಗೆ ಗೊತ್ತಿದ್ದುದು ಸತ್ಯವೆನಿಸಿಕೊಳ್ಳಲು ಅವಳು ಇನ್ನೊಬ್ಬಳಾಗಬೇಕಾಯಿತು.

ಬೇರೆ ದಾರಿಯನ್ನೂ ಕೆಲವರು ತೋರಿಸಿದ್ದಾರೆ. ಆಫ್ರಿಕದ ಉಗಾಂಡದಲ್ಲಿ ವೈದ್ಯರು ಬಹಳ ಕಡಿಮೆ. ಡಾ. ಆನ್ ಮೆರಿಮನ್ ಎಂಬವರು 1993ರಲ್ಲಿ ಅಲ್ಲಿ ಈ ಕೆಲಸ ಆರಂಭಿಸಿದರು. ಮಾರ್ಫಿನ್ ಪುಡಿಯನ್ನು ನೀರಿನಲ್ಲಿ ಕರಗಿಸಿ, ಎಷ್ಟು ಗಟ್ಟಿ ಎಂದು ಗೊತ್ತಾಗಲು ಬಣ್ಣ ಹಾಕಿ, ಬಾಟಲಿಗಳಲ್ಲಿ ಕೊಡುವ ಅಗ್ಗದ ಕ್ರಮ ಅಲ್ಲಿಯದು. 2004ರಲ್ಲಿ ಆ ದೇಶ ಕಾನೂನು ತಿದ್ದಿ, ವಿಶೇಷ ತರಬೇತಿ ಪಡೆದ ನರ್ಸುಗಳೇ ಮಾರ್ಫಿನ್ ಬರೆದುಕೊಡಬಹುದೆಂದು ಒಪ್ಪಿತು. ಕಲಿಸಿದವರು ಅಧಿಕಾರವನ್ನೂ ಕೊಟ್ಟರು ಎಂದಾಯಿತು.

ನಮ್ಮಲ್ಲಿ 1985ರ ಮಾದಕವಸ್ತು ಕಾಯಿದೆಯ ಬಿಗಿಯಿಂದ ಔಷಧಿಯಾಗಿ ಮಾರ್ಫಿನ್ ಬಳಕೆಯೇ ತಳಮುಟ್ಟಿತ್ತು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಲೈಸೆನ್ಸಿನಲ್ಲೇ ಗಸಗಸೆ ಬೆಳೆದು ಅಫೀಮು ತೆಗೆಯುವ ದೇಶ ನಮ್ಮದು. ನಮ್ಮ ರೋಗಿಗೆ ಮಾತ್ರ ಮಾತ್ರೆ ಇಲ್ಲ! 2014ರ ತಿದ್ದುಪಡಿಯಿಂದ ನಿಯಮ ಸಡಿಲವಾಗಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಟುಕೊಳ್ಳುವುದು ಸುಲಭವಾಯಿತು. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ ಯೋಜನೆಯು ಉಪಕೇಂದ್ರಗಳ ಮಟ್ಟಕ್ಕೆ ತರಬೇಕೆಂದ ಹನ್ನೆರಡು ಬಗೆಯ ಸೇವೆಗಳಲ್ಲಿ ಉಪಶಮನ ಆರೈಕೆಯೂ ಸೇರಿದೆ. ಕಾಗದದ ಮೇಲೆ ದಾರಿ ತೆರೆದಿದೆ. ಸಹಿ ಮಾತ್ರ ವೈದ್ಯರದ್ದೇ.

ಇದಕ್ಕೆ ಎದುರಾಡುವವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಹಳ್ಳಿಯ ಕಪಾಟಿನಲ್ಲಿ ಮಾರ್ಫಿನ್ ಇದ್ದರೆ ಕದಿಯುವವರು ಇರಬಹುದು. ನೋವಿಗೆಂದು ಸರಿಯಾಗಿ ಕೊಟ್ಟರೆ ಚಟ ಹಿಡಿಯುವುದು ಅಪರೂಪ ಎಂಬುದು ನಿಜವಾದರೂ, ಅಳತೆ ತಪ್ಪಿದರೆ ಅಪಾಯ ಎಂಬುದೂ ನಿಜ. ನನಗಿರುವ ಭಯ ಇನ್ನೊಂದು. "ಡಾಕ್ಟರಿಲ್ಲದ ಕಡೆ ನರ್ಸ್ ಸಾಕು" ಎಂಬುದು ಉದಾರತೆಯಂತೆ ಕೇಳಿದರೂ ಎಷ್ಟೋ ಸಲ ಅದು ಖರ್ಚು ಉಳಿಸುವ ಮಾತು. ಗುಡ್ಡಗಾಡಿನ ಒಂದು ಉಪಕೇಂದ್ರಕ್ಕೆ ಲೆಕ್ಕದಂತೆ ಮೂರು ಸಾವಿರ ಜನ. ಲಸಿಕೆ, ಬಸುರಿ ಬಾಣಂತಿಯರು, ಬಿ.ಪಿ., ಸಕ್ಕರೆ ಕಾಯಿಲೆ, ಮೇಲೆ ಹತ್ತಾರು ರಿಜಿಸ್ಟರು. ಇದರ ಮೇಲೆ ಸಾಯುವವರ ನೋವನ್ನೂ ಹೊರಿಸಿ, ಕೇಳಿದಾಗ ಫೋನ್ ಎತ್ತುವವರಿಲ್ಲದಿದ್ದರೆ, ಅವಳಿಗೆ ಅಧಿಕಾರ ಕೊಟ್ಟರೂ ಒಂದೇ ಬಿಟ್ಟರೂ ಒಂದೇ.

ಆ ರಾತ್ರಿಗೆ ಮರಳುತ್ತೇನೆ. ಅರ್ಧ ಗಂಟೆಯಲ್ಲಿ ನಾನು ಆ ವೈದ್ಯರಿಗೆ ಒಂಬತ್ತು ಸಲ ಫೋನ್ ಮಾಡಿದೆ. ನಡುನಡುವೆ ನನಗೆ ಬರುತ್ತಿದ್ದ ಯೋಚನೆಯನ್ನು ಮುಚ್ಚಿಡಬಾರದು: ನಾಳೆ ಏನಾದರೂ ಆದರೆ ಹೇಳಿಕೊಟ್ಟವಳು ನಾನು ಎಂದಾಗುತ್ತದಲ್ಲ! ನೋವಿನಲ್ಲಿದ್ದ ಹೆಂಗಸಿಗಿಂತ ನನ್ನ ಹೆಸರೇ ನನಗೆ ಮುಂದೆ ಬಂದಿತ್ತು. ಹತ್ತನೆಯ ಸಲ ವೈದ್ಯರು ಫೋನ್ ಎತ್ತಿದರು. ಹಿಂದೆ ವಾದ್ಯದ ಸದ್ದು. ಎಲ್ಲ ಕೇಳಿ, "ಕೊಡಲಿ. ಎಷ್ಟು ಹೊತ್ತಿಗೆ, ಎಷ್ಟು ಎಂದು ಬರೆದಿಡಲಿ. ನಾನು ಹೇಳಿದೆ ಎಂದು ಬರೆಯಲಿ. ಸೋಮವಾರ ಸಂಜೆ ನಾನೇ ಔಷಧಿ ತೆಗೆದುಕೊಂಡು ಬರ್ತೇನೆ" ಎಂದರು. ನಿಯಮದ ಪುಸ್ತಕ ಹಿಡಿದು ನೋಡಿದರೆ ಇದರಲ್ಲೂ ತಪ್ಪು ಸಿಕ್ಕೀತು. ಆದರೆ ಆ ಮನುಷ್ಯ ತಪ್ಪನ್ನು ತನ್ನ ಹೆಸರಿಗೆ ಬರೆಸಿಕೊಂಡರು. ಸೋಮವಾರ ಹೇಳಿದಂತೆ ಬಂದರು ಕೂಡ. ಆ ಹೆಂಗಸು ಆಮೇಲೆ ಮೂರು ವಾರ ಬದುಕಿದ್ದಳು. ಕೊನೆಯ ದಿನಗಳಲ್ಲಿ ಹುಡುಗಿ ಎಷ್ಟಾಣೆ ಎಂದು ಕೇಳಿದರೆ ನಾಲ್ಕು ಬೆರಳು ತೋರಿಸುತ್ತಿದ್ದಳಂತೆ.

ಕೆಲವು ತಿಂಗಳ ಮೇಲೆ ಹುಡುಗಿ ಮನೆಗೆ ಬಂದಿದ್ದಳು. ಕಾಫಿ ಕುಡಿಯುತ್ತ, "ಮೇಡಂ, ಡಾಕ್ಟರ್ ಫೋನ್ ಎತ್ತದೇ ಇದ್ದಿದ್ರೆ ನೀವು ಏನು ಹೇಳ್ತಿದ್ರಿ?" ಎಂದಳು. "ಕೊಡು ಅಂತ ಹೇಳ್ತಿದ್ದೆ ಕಣೇ" ಎಂದೆ. ಅವಳು ನಕ್ಕಳು. ನಂಬಿದಳೋ ಇಲ್ಲವೋ. ಎಲ್ಲ ಮುಗಿದ ಮೇಲೆ, ಮನೆಯ ಜಗಲಿಯಲ್ಲಿ ಕೂತು ಹಾಗೆ ಹೇಳುವುದು ಸುಲಭ. ಆ ರಾತ್ರಿ ಹನ್ನೊಂದು ಗಂಟೆಗೆ ಹೇಳುತ್ತಿದ್ದೆನೇ ಎಂದು ನನಗೆ ಖಚಿತವಿಲ್ಲ.

ಅದಾದ ಮೇಲೆ ನಮ್ಮ ತರಬೇತಿಯಲ್ಲಿ ಎರಡು ಬದಲಾವಣೆ ಮಾಡಿದ್ದೇವೆ. ನರ್ಸಿನ ಜೊತೆಗೆ ಅವಳ ತಾಲೂಕಿನ ಒಬ್ಬ ವೈದ್ಯರೂ ಎರಡು ದಿನವಾದರೂ ಬಂದು ಕೂರದಿದ್ದರೆ ಆ ನರ್ಸಿಗೆ ಪ್ರವೇಶವಿಲ್ಲ. ಒಬ್ಬರು ಊರಲ್ಲಿಲ್ಲದಾಗ ಫೋನ್ ಎತ್ತಬೇಕಾದ ಇನ್ನೊಬ್ಬರ ಹೆಸರನ್ನೂ ಅಂದೇ ಬರೆಸಿಕೊಳ್ಳುತ್ತೇವೆ. ಮತ್ತೆ, ಕೊನೆಯ ದಿನ ಸರ್ಟಿಫಿಕೇಟು ಕೊಡುವ ಮೊದಲು ಈ ಹನ್ನೆರಡು ಮಾತ್ರೆಯ ಕಥೆ ಹೇಳಿ, "ನೀವಾಗಿದ್ದರೆ?" ಎಂದು ಕೇಳುತ್ತೇನೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಉತ್ತರ ಹೇಳಿಕೊಡದೆ ನನ್ನ ಫೋನ್ ನಂಬರನ್ನು ಹಲಗೆಯ ಮೇಲೆ ಬರೆಯುತ್ತೇನೆ. ರಾತ್ರಿ ಅದನ್ನು ಹಾಸಿಗೆಯ ಪಕ್ಕದಲ್ಲಿ, ಸದ್ದು ಕೇಳುವಂತೆ ಇಟ್ಟುಕೊಂಡೇ ಮಲಗುತ್ತೇನೆ.