ನೆನಪಿನ ಊರಿಗೆ ಬೇಲಿಯೂ ಉಂಟು

ಬಿಟ್ಟುಬಂದ ಊರನ್ನು ಇದ್ದ ಹಾಗೆಯೇ ನೆನೆಯಬೇಕೆ? ಇದ್ದುದಕ್ಕಿಂತ ಚೆಲುವಾಗಿ ನೆನೆದರೆ ಅದು ಸುಳ್ಳಾಗುತ್ತದೆಯೆ? ಮಾರ್ಕ್ ಶಗಾಲನ ಚಿತ್ರಗಳನ್ನು ನೋಡುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಶಗಾಲ್ ಹುಟ್ಟಿದ್ದು 1887ರಲ್ಲಿ, ಆಗ ರಷ್ಯನ್ ಸಾಮ್ರಾಜ್ಯದಲ್ಲಿದ್ದ, ಈಗ ಬೆಲಾರುಸ್‌ಗೆ ಸೇರಿದ ವಿಟೆಬ್ಸ್ಕ್ ಎಂಬ ಊರಿನಲ್ಲಿ. ಬಡ ಯೆಹೂದಿ ಕುಟುಂಬ. ತಂದೆ ಹೆರಿಂಗ್ ಮೀನಿನ ವ್ಯಾಪಾರಿಯ ಉಗ್ರಾಣದಲ್ಲಿ ಪೀಪಾಯಿ ಹೊರುವ ಕೂಲಿ; ತಾಯಿ ಸಣ್ಣದೊಂದು ದಿನಸಿ ಅಂಗಡಿ ನಡೆಸುತ್ತಿದ್ದಳು. ಯೆಹೂದಿಗಳು ಎಲ್ಲಿ ವಾಸಿಸಬೇಕೆಂಬುದನ್ನೂ ಸರ್ಕಾರವೇ ಗೊತ್ತುಮಾಡುತ್ತಿದ್ದ ಕಾಲ ಅದು. ಸುಖದ ಊರೇನಲ್ಲ.

ಆದರೆ 1911ರಲ್ಲಿ ಪ್ಯಾರಿಸ್ಸಿನಲ್ಲಿ ಅವನು ಬರೆದ 'ನಾನು ಮತ್ತು ಹಳ್ಳಿ' ಎಂಬ ಆಳೆತ್ತರದ ಚಿತ್ರ ನೋಡಿ. ಹಸಿರು ಮುಖದ ಗಂಡಸೊಬ್ಬ, ಎದುರಿಗೆ ಹಸುವಿನ ಮುಖ, ಎರಡರ ಕಣ್ಣುಗಳ ನಡುವೆ ಒಂದು ತೆಳುಗೆರೆ. ಹಸುವಿನ ಕೆನ್ನೆಯ ಮೇಲೆಯೇ ಪುಟ್ಟ ಹೆಂಗಸೊಬ್ಬಳು ಹಾಲು ಕರೆಯುತ್ತಿದ್ದಾಳೆ. ಮೇಲೆ ಕೆಲವು ಮನೆಗಳು ನೆಟ್ಟಗಿವೆ, ಕೆಲವು ತಲೆಕೆಳಗಾಗಿವೆ. ನೆನಪಿಗೆ ಅಳತೆಗೋಲಿಲ್ಲ ತಾನೆ! ಮಗುವಿನ ಮನಸ್ಸಿಗೆ ಹತ್ತಿರವಾಗಿದ್ದುದು ಅಲ್ಲಿ ದೊಡ್ಡದು.

ಬಡವರ ಊರನ್ನು ಹೀಗೆ ಬಣ್ಣದ ಕನಸಾಗಿಸಿದ್ದು ನ್ಯಾಯವೆ ಎಂದು ಯಾರಾದರೂ ಕೇಳಿದರೆ ತಳ್ಳಿಹಾಕುವಂತಿಲ್ಲ. ದೂರ ಹೋದ ಮಗನಿಗೆ ಊರು ಚೆಂದ. ಪೀಪಾಯಿ ಹೊರುವ ಅಪ್ಪನಿಗೆ?

ನನಗೆ ಉತ್ತರದ ಸುಳಿವು ಸಿಕ್ಕಿದ್ದು 1918ರ 'ಊರಿನ ಮೇಲೆ' ಎಂಬ ಚಿತ್ರದಲ್ಲಿ. ಶಗಾಲ್ ತನ್ನ ಹೆಂಡತಿ ಬೆಲಾಳನ್ನು ತಬ್ಬಿಕೊಂಡು ವಿಟೆಬ್ಸ್ಕಿನ ಮೇಲೆ ಹಾರುತ್ತಿದ್ದಾನೆ. ಎಲ್ಲರ ಕಣ್ಣೂ ಆಕಾಶಕ್ಕೇ ಹೋಗುತ್ತದೆ. ಕೆಳಗೆ ಮರದ ಮನೆಗಳು, ಉದ್ದಕ್ಕೂ ಬೇಲಿ. ಆ ಬೇಲಿಯ ಬಳಿ ಒಬ್ಬ ಬಹಿರ್ದೆಸೆಗೆ ಕುಳಿತಿದ್ದಾನೆ! ಅಷ್ಟು ಮಧುರವಾದ ಕನಸಿನಿಂದಲೂ ಶಗಾಲ್ ಅವನನ್ನು ಎಬ್ಬಿಸಿ ಕಳಿಸಲಿಲ್ಲ. ಅಪ್ಪನ ಮೀನನ್ನೂ ಬಿಡಲಿಲ್ಲ. ಮುಂದೆ 1930ರ ದಶಕದ ಒಂದು ಚಿತ್ರದಲ್ಲಿ ಆ ಮೀನಿಗೆ ರೆಕ್ಕೆ ಮೂಡಿ ಅದು ನದಿಯ ಮೇಲೆ ಹಾರುತ್ತದೆ.

ಹಾಗಾದರೆ ನೆನಪಿನ ಸುಳ್ಳು ಇರುವುದು ಬಣ್ಣದಲ್ಲಲ್ಲ, ಬಿಟ್ಟುಬಿಡುವುದರಲ್ಲಿ. ತವರಿನ ಮಾತು ಬಂದಾಗ ನಮ್ಮ ಬಾಯಲ್ಲಿ ಮೊದಲು ಬರುವುದು ಬಾವಿಕಟ್ಟೆಯ ಮಲ್ಲಿಗೆ. ಅದೇ ಕಟ್ಟೆಯ ಮೇಲೆ ಸೊಂಟ ಬೀಳುವ ತನಕ ಬಟ್ಟೆ ಒಗೆಯುತ್ತಿದ್ದ ಅತ್ತಿಗೆಯ ಹೆಸರು ಬರುವುದು ಅಪರೂಪ. ಮಲ್ಲಿಗೆ ಸುಳ್ಳಲ್ಲ. ಅತ್ತಿಗೆಯಿಲ್ಲದ ಮಲ್ಲಿಗೆ ಮಾತ್ರ ಪೂರ್ತಿ ನಿಜವಲ್ಲ.

ಶಗಾಲ್ ದುಃಖಕ್ಕೂ ತನ್ನ ಕನಸಿನ ಬಾಗಿಲು ಮುಚ್ಚಲಿಲ್ಲ. ಹಿಟ್ಲರನ ಜರ್ಮನಿಯಲ್ಲಿ ಯೆಹೂದಿಗಳ ಮೇಲೆ ದೌರ್ಜನ್ಯ ನಡೆಯುತ್ತಿದ್ದ 1938ರಲ್ಲಿ ಅವನು ಏಸುವನ್ನು ಶಿಲುಬೆಯ ಮೇಲೆ ಬರೆದ. ಏಸುವಿನ ಸೊಂಟಕ್ಕೆ ಯೆಹೂದಿಗಳ ಪ್ರಾರ್ಥನೆಯ ವಸ್ತ್ರ. ಸುತ್ತಲೂ ಅವವೇ ಹಳ್ಳಿಮನೆಗಳು. ಈ ಸಲ ಉರಿಯುತ್ತಿವೆ. ಕೆಳಗೆ ಮಗುವನ್ನು ಅವಚಿಕೊಂಡ ತಾಯಿ.

1941ರಲ್ಲಿ ನಾಜಿ ಸೈನ್ಯ ವಿಟೆಬ್ಸ್ಕನ್ನು ಹಿಡಿಯಿತು. ಅಲ್ಲಿ ಉಳಿದಿದ್ದ ಯೆಹೂದಿಗಳನ್ನು ಸಾವಿರಗಟ್ಟಲೆ ಕೊಂದರು. ಯುದ್ಧ ಮುಗಿಯುವ ವೇಳೆಗೆ ಊರು ಹಾಳುಬಿದ್ದಿತ್ತು. 1973ರಲ್ಲಿ ಸೋವಿಯತ್ ಸರ್ಕಾರದ ಆಹ್ವಾನದ ಮೇಲೆ ಶಗಾಲ್ ಮಾಸ್ಕೋ, ಲೆನಿನ್‌ಗ್ರಾಡ್‌ಗಳಿಗೆ ಹೋದ. ವಿಟೆಬ್ಸ್ಕಿಗೆ ಮಾತ್ರ ಹೋಗಲಿಲ್ಲ. 1985ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡ.

ಅದು ಹೇಡಿತನವೆಂದು ನನಗನ್ನಿಸುವುದಿಲ್ಲ. ಆ ಜನವೇ ಇಲ್ಲದ ಮೇಲೆ ಅಲ್ಲಿ ಯಾರನ್ನು ಕಾಣಬೇಕಿತ್ತು? ಹಾಗೆ ಅಳಿದ ಊರಿನ ಭಾರವೆಲ್ಲ ನೆನೆಯುವವರ ಮೇಲೆ ಬೀಳುತ್ತದೆ. ಅವರು ಯಾರನ್ನು ಮರೆತರೋ ಅವರು ಎರಡನೆಯ ಸಲ ಸಾಯುತ್ತಾರೆ. ಶಗಾಲ್ ಊರನ್ನು ಆಕಾಶಕ್ಕೆ ಏರಿಸಿದ, ನಿಜ. ಏರಿಸುವಾಗ ಹಾಲು ಕರೆಯುವವಳನ್ನೂ ಬೇಲಿಯ ಬಳಿ ಕುಳಿತವನನ್ನೂ ಕೈಬಿಡಲಿಲ್ಲ.