ಕ್ಷಮಾಯಾಚನೆಯ ಸತ್ಯಾಸತ್ಯತೆ

ತಪ್ಪು ಮಾಡುವದು ಮನುಷ್ಯಸ್ವಭಾವವೆಂದೂ, ಮಾಡಿದ ತಪ್ಪನ್ನು ಒಪ್ಪಿಕೊಳ್ಳುವದು ಸಜ್ಜನಸ್ವಭಾವವೆಂದೂ ಹಿರಿಯರು ಹೇಳುತ್ತ ಬಂದಿರುವರು. ಇವುಗಳಲ್ಲಿ ಮೊದಲನೆಯ ಮಾತು ನಿರ್ವಿವಾದವು. ಎರಡನೆಯದರಲ್ಲಿ ಮಾತ್ರ ನನಗೆ ಕೊಂಚ ಸಂದೇಹವಿರುವದು. ಏಕೆಂದರೆ, ‘ತಪ್ಪಾಯಿತು, ಕ್ಷಮಿಸಿರಿ’ ಎಂಬ ಮಾತು ಸಜ್ಜನನ ಬಾಯಿಂದ ಹೇಗೋ ಹಾಗೆಯೇ ದುರ್ಜನನ ಬಾಯಿಂದಲೂ ಹೊರಡುವದು. ಎಷ್ಟೋ ಸಾರೆ ದುರ್ಜನನ ಬಾಯಿಂದಲೇ ಹೆಚ್ಚು ಇಂಪಾಗಿ ಹೊರಡುವದು. ಹೀಗಿರಲು, ನಿಜವಾದ ಕ್ಷಮಾಯಾಚನೆ ಯಾವದು, ಸೋಗಿನದು ಯಾವದು ಎಂಬುದನ್ನು ಯಾವ ಲಕ್ಷಣದಿಂದ ಗುರುತಿಸಬೇಕು? ಈ ಪ್ರಶ್ನೆಯನ್ನು ವಾಚಕರ ಮುಂದಿಡಲು ನನಗೆ ಪ್ರೇರಣೆಯಾದದ್ದು ಯಾವ ಶಾಸ್ತ್ರಗ್ರಂಥವೂ ಅಲ್ಲ. ಮೊಮ್ಮಗಳ ಮೊಬೈಲಿನೊಳಗಿನ ಒಂದು ಇಂಗ್ಲಿಷ್ ಹಾಡು.

ಬೇಸಿಗೆಯ ರಜೆಯಲ್ಲಿ ಊರಿಗೆ ಬಂದ ಆ ಹುಡುಗಿ ಮಾಳಿಗೆಯ ಮೇಲೆ ಕುಳಿತು ಒಂದಾದ ಮೇಲೊಂದು ಹಾಡು ಕೇಳುತ್ತಿದ್ದಳು. ಎಲ್ಲವುಗಳಲ್ಲಿಯೂ ‘ಸಾರಿ’ ಎಂಬ ಒಂದೇ ಶಬ್ದವು ನನ್ನ ಕಿವಿಗೆ ಬೀಳುತ್ತಿರಲು, ಇದೇನೆಂದು ಕೇಳಿದೆನು. ಪಾಪ್ ಸಂಗೀತದಲ್ಲಿ ಕ್ಷಮೆ ಬೇಡುವ ಹಾಡುಗಳದೇ ಒಂದು ದೊಡ್ಡ ಸಾಲು ಇರುವದೆಂದು ಅವಳು ವಿವರಿಸಿದಳು. ಅಮೇರಿಕೆಯ ಬ್ರೆಂಡಾ ಲೀ 1960ರಲ್ಲಿ, ಇಂಗ್ಲಂಡದ ಎಲ್ಟನ್ ಜಾನ್ 1976ರಲ್ಲಿ, ಕೆನಡಾದ ಜಸ್ಟಿನ್ ಬೀಬರ್ 2015ರಲ್ಲಿ ಇಂಥ ಹಾಡುಗಳಿಂದ ಜಗತ್ತನ್ನೇ ತಲೆದೂಗಿಸಿದರಂತೆ. ಕೊನೆಗೆ ಅವಳು ಕೇಳಿದಳು: “ಅಜ್ಜಾ, ಇವರೆಲ್ಲಾ ಖರೇನ ತಪ್ಪೊಪ್ಪಿಕೋತಾರೋ, ಬರೇ ಹಾಡತಾರೋ?” ನಾಲ್ಕು ದಶಕಗಳ ಕಾಲ ಪ್ರಶ್ನೆ ಕೇಳಿಯೇ ಉಂಡ ನನಗೆ ಅಂದು ಉತ್ತರ ತೋಚಲಿಲ್ಲ.

ಬ್ರೆಂಡಾ ಲೀ ಆ ಹಾಡನ್ನು ಹಾಡಿದಾಗ ಅವಳ ವಯಸ್ಸು ಹದಿನೈದು. ಮಾತುಗಳು ಬೇರೆಯವರು ಕಟ್ಟಿಕೊಟ್ಟವು. ಪ್ರಣಯದಲ್ಲಿ ತಪ್ಪಿ ನಡೆದವರ ಅನುತಾಪವೇ ಅದರ ವಸ್ತು. ಆ ಬಾಲಿಕೆಯು ತಾನು ಮಾಡದ ತಪ್ಪಿಗೆ, ಎದುರಿಗಿಲ್ಲದ ಮನುಷ್ಯನ ಕ್ಷಮೆ ಬೇಡಿದಳು. ಕೇಳಿದವರ ಕಣ್ಣು ಒದ್ದೆಯಾದವು. ಇದನ್ನು ಸುಳ್ಳೆನ್ನೋಣವೇ? ಹಾಗೆಂದರೆ ಸಮಸ್ತ ಕಾವ್ಯವೂ ಸುಳ್ಳಾದೀತು. ನಮ್ಮ ಆಲಂಕಾರಿಕರಲ್ಲಿ ಭಟ್ಟನಾಯಕನು ಮೊದಲು ಹೇಳಿ, ಅಭಿನವಗುಪ್ತನು ವಿಸ್ತರಿಸಿದ ‘ಸಾಧಾರಣೀಕರಣ’ವೆಂಬ ತತ್ತ್ವವು ಇಲ್ಲಿ ನಮಗೆ ದಾರಿ ತೋರುವದು. ರಂಗದ ಮೇಲಿನ ಶೋಕವು ರಾಮನದೂ ಅಲ್ಲ, ನಟನದೂ ಅಲ್ಲ, ಪ್ರೇಕ್ಷಕನದೂ ಅಲ್ಲ. ‘ಇಂಥವನದು’ ಎಂಬ ಗುರುತು ಕಳಚಿದ್ದರಿಂದಲೇ ಅದು ಎಲ್ಲರದೂ ಆಗಿ ರಸವಾಗುವದು. ಕ್ಷಮೆ ಬೇಡುವ ಹಾಡು ಕೂಡ ಯಾರ ತಪ್ಪು, ಯಾರಿಗೆ ಮಾಡಿದ್ದು, ಎಂದು ಮಾಡಿದ್ದು ಎಂಬುದನ್ನು ಬಿಟ್ಟುಕೊಡುವದರಿಂದಲೇ ಎಲ್ಲರ ಹಾಡಾಗುವದು.

ಹಾಡಿಗೆ ಗುಣವಾದ ಇದೇ ಸಂಗತಿಯು ನಿಜವಾದ ಕ್ಷಮಾಯಾಚನೆಗೆ ವಿಷವಾಗಿರುವದು. ಹಾಡು ಸಾಧಾರಣದಿಂದ ಬದುಕುವದು. ಕ್ಷಮಾಯಾಚನೆಯು ವಿಶೇಷದಿಂದ ಬದುಕುವದು. ಈ ತಪ್ಪು, ಈ ದಿನ, ಈ ಮನುಷ್ಯನಿಗೆ, ನಾನೇ ಮಾಡಿದೆನು ಎಂಬ ನಾಲ್ಕು ಗುರುತುಗಳಲ್ಲಿ ಒಂದು ಕಳಚಿದರೂ ಅದು ಹಾಡಾಗಬಹುದೇ ಹೊರತು ಕ್ಷಮಾಯಾಚನೆಯಾಗಲಾರದು.

ಇದಕ್ಕೆ ದೃಷ್ಟಾಂತವನ್ನು ಅಮೇರಿಕೆಯಿಂದ ತರುವ ಕಾರಣವಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಯಾವ ಹಳ್ಳಿಗೆ ಹೋದರೂ ಸೋಮವಾರ ರಾತ್ರಿ ಭಜನೆಯಲ್ಲಿ ‘ನಾನು ಪಾಪಿ, ನನ್ನಂಥ ಅಪರಾಧಿಯಿಲ್ಲ’ ಎಂಬ ಭಾವದ ಪದಗಳನ್ನು ತಾಳ ಕುಟ್ಟಿ ಹಾಡುವವರನ್ನು ಕಾಣುವೆವು. ಅವರ ಕಂಠವು ನಿಜವಾಗಿಯೂ ಗದ್ಗದವಾಗುವದು. ನಾನು ಅದನ್ನು ಹಳಿಯೆನು. ಆದರೆ ಅವರಲ್ಲಿಯೇ ಒಬ್ಬನು ನೆರೆಹೊಲದ ಒಡ್ಡನ್ನು ವರ್ಷಕ್ಕೆ ಒಂದು ಮೊಳದಂತೆ ಒತ್ತಿಕೊಂಡವನಿದ್ದರೆ, ಮಂಗಳವಾರ ಬೆಳಿಗ್ಗೆ ಆ ಒಡ್ಡು ಹಿಂದೆ ಸರಿಯುವದಿಲ್ಲ. ‘ಅಪರಾಧಿ’ ಎಂದು ದೇವರ ಮುಂದೆ ಹೇಳುವದು ಸುಲಭ. ‘ನಿನ್ನ ಎರಡು ಮೊಳ ಭೂಮಿ ನನ್ನಲ್ಲಿದೆ’ ಎಂದು ಸಂಗಪ್ಪನ ಮುಂದೆ ಹೇಳುವದು ಕಷ್ಟ. ದಸರೆಯಲ್ಲಿ ಬನ್ನಿ ಕೊಟ್ಟು ‘ಬಂಗಾರದಂಗ ಇರೂಣು’ ಎನ್ನುವ ನಮ್ಮ ಸಂಪ್ರದಾಯವೂ ಬಲು ಸೊಗಸಾದದ್ದೇ. ಮಾತು ಬಿಟ್ಟವರನ್ನು ಅದು ಮಾತಿಗೆ ಹಚ್ಚುವದು. ಆದರೆ ಬನ್ನಿಯ ಎಲೆಯು ಬಾಗಿಲನ್ನು ತೆರೆಯುವದಷ್ಟೇ. ಒಳಗೆ ಹೋಗಿ ಆಡಬೇಕಾದ ಮಾತನ್ನು ನಾವೇ ಆಡಬೇಕು.

ಆ ಮಾತು ಹೇಗಿರಬೇಕೆಂಬುದಕ್ಕೆ ಹದಿನೈದೇ ವಯಸ್ಸಿನ ಮತ್ತೊಬ್ಬರನ್ನು ನೆನೆಯೋಣ. ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ, ಹದಿನೈದನೆಯ ವಯಸ್ಸಿನಲ್ಲಿ ಅಣ್ಣನ ತೋಳಬಂದಿಯಿಂದ ಚೂರು ಬಂಗಾರ ಕದ್ದ ಸಂಗತಿಯನ್ನು ಬರೆದಿರುವರು. ಬಾಯಿಂದ ಹೇಳಲು ಧೈರ್ಯ ಸಾಲದೆ, ಹಾಳೆಯ ಮೇಲೆ ಬರೆದು, ಹಾಸಿಗೆ ಹಿಡಿದ ತಂದೆಯ ಕೈಗೆ ತಾವೇ ಕೊಟ್ಟರು. ಅದರಲ್ಲಿ ಕದ್ದದ್ದನ್ನು ಒಪ್ಪಿಕೊಂಡಿದ್ದರು, ತಕ್ಕ ಶಿಕ್ಷೆಯನ್ನು ಬೇಡಿದ್ದರು, ಇನ್ನು ಕದಿಯೆನೆಂದು ಪ್ರತಿಜ್ಞೆ ಮಾಡಿದ್ದರು. ತಂದೆಯು ಓದಿ ಕಣ್ಣೀರು ಸುರಿಸಿ ಆ ಹಾಳೆಯನ್ನು ಹರಿದುಹಾಕಿದರು. ಇಲ್ಲಿ ರಾಗವಿಲ್ಲ, ತಾಳವಿಲ್ಲ. ಆದರೆ ಮೇಲೆ ಹೇಳಿದ ನಾಲ್ಕು ಗುರುತುಗಳೂ ಇರುವವು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ಪಾಪದಿಂದ ಬಿಡುಗಡೆ ಹೊಂದುವ ಸಾಧನಗಳನ್ನು ಎಣಿಸುವಾಗ ‘ಖ್ಯಾಪನ’ವನ್ನು, ಅಂದರೆ ತಪ್ಪನ್ನು ಬಹಿರಂಗವಾಗಿ ಹೇಳುವದನ್ನು, ಮೊದಲಿಗಿಟ್ಟು ಅನುತಾಪವನ್ನು ಅದರ ಮುಂದೆ ಇಟ್ಟಿರುವದು, ‘ಮತ್ತೆ ಹೀಗೆ ಮಾಡೆನು’ ಎಂಬ ನಿವೃತ್ತಿಯಿಂದಲೇ ಶುದ್ಧಿಯೆಂದು ಮುಂದೆ ಹೇಳಿರುವದು. ಮನುವಿನ ಎಷ್ಟೋ ವಿಧಿಗಳನ್ನು ನಾವು ಇಂದು ಒಪ್ಪುವದಿಲ್ಲ, ಒಪ್ಪಲೂ ಬಾರದು. ಆದರೆ ಈ ಕ್ರಮವು ಮನನೀಯವಾಗಿದೆ.

ಪಾಶ್ಚಾತ್ಯರಲ್ಲಿ ಆಕ್ಸ್‌ಫರ್ಡಿನ ತತ್ತ್ವಜ್ಞಾನಿ ಜೆ. ಎಲ್. ಆಸ್ಟಿನ್ ಎಂಬವರು 1955ರಲ್ಲಿ ಹಾರ್ವರ್ಡಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಒಂದು ಸೂಕ್ಷ್ಮವನ್ನು ತೋರಿಸಿದರು. ‘ಕ್ಷಮೆ ಬೇಡುತ್ತೇನೆ’ ಎಂಬುದು ‘ಮಳೆ ಬರುತ್ತಿದೆ’ ಎಂಬಂಥ ವರ್ಣನೆಯಲ್ಲ. ಆಡುವದರಲ್ಲಿಯೇ ಒಂದು ಕೆಲಸವನ್ನು ಮಾಡುವ ಮಾತು. ನಡೆಸುವ ಮನಸ್ಸಿಲ್ಲದೆ ಕೊಟ್ಟ ವಚನವೂ ವಚನವೇ. ಅಂತೆಯೇ ಮನಸ್ಸಿಲ್ಲದೆ ಬೇಡಿದ ಕ್ಷಮೆಯೂ ಬೇಡಿದ್ದೇ. ಅದು ನಡೆಯದ ಕೆಲಸವಲ್ಲ, ಕೆಟ್ಟ ಕೆಲಸ, ಮಾತಿನ ದುರುಪಯೋಗ. ಇದು ಒಪ್ಪತಕ್ಕದ್ದೇ. ಆದರೆ ಇದರಿಂದ ‘ಒಳಗೆ ಅನುತಾಪವಿದ್ದರೆ ಸಾಕು, ಕ್ಷಮಾಯಾಚನೆ ನಿಜವಾಯಿತು’ ಎಂದು ಯಾರಾದರೂ ತಿಳಿದರೆ ಅವರು ಮೋಸ ಹೋಗುವರು. ಅನುತಾಪವು ನಿಜವಿದ್ದೂ ಕ್ಷಮಾಯಾಚನೆಯು ಸುಳ್ಳಾಗುವದುಂಟು. ಇದೇ ಈ ಲೇಖನದ ಮುಖ್ಯ ಮಾತು.

ಇದಕ್ಕೆ ಸಾಕ್ಷಿಯು ನಮ್ಮ ಭೀಮಾತೀರದಲ್ಲಿಯೇ ದೊರೆಯುವದು. ಕಳಿಂಗಯುದ್ಧದ ತರುವಾಯ ಅಶೋಕನು ಬರೆಯಿಸಿದ ಹದಿಮೂರನೆಯ ಬಂಡೆಗಲ್ಲು ಶಾಸನವು ಜಗತ್ಪ್ರಸಿದ್ಧವಾದದ್ದು. ಒಂದೂವರೆ ಲಕ್ಷ ಜನರು ಸೆರೆಯಾಗಿ ಹೋದರು, ಒಂದು ಲಕ್ಷ ಜನರು ಹತರಾದರು, ಅದರ ಎಷ್ಟೋ ಪಟ್ಟು ಜನರು ಸತ್ತರು ಎಂದು ಲೆಕ್ಕ ಕೊಟ್ಟು ಅರಸನು ಪಶ್ಚಾತ್ತಾಪಪಟ್ಟಿರುವನು. ಆ ಪಶ್ಚಾತ್ತಾಪವು ಸೋಗಿನದೆಂದು ನಾನು ಹೇಳಲಾರೆನು. ಆದರೆ ಕಳಿಂಗದೊಳಗಿನ ಧೌಲಿ, ಜೌಗಡಗಳ ಬಂಡೆಗಳಲ್ಲಿ ಆ ಹದಿಮೂರನೆಯ ಶಾಸನವೇ ಇಲ್ಲ! ಅಲ್ಲಿ ಅದನ್ನು ಬಿಟ್ಟು, ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂಬ ಭಾವದ ಪ್ರತ್ಯೇಕ ಶಾಸನಗಳನ್ನು ಕೆತ್ತಿಸಲಾಗಿದೆ. ಇಂಡಿ ಸಿಂದಗಿಗಳನ್ನು ಮುಟ್ಟಿ ಹರಿಯುವ ಭೀಮೆಯು ಮುಂದೆ ಕಲಬುರ್ಗಿ ಜಿಲ್ಲೆಯ ಸನ್ನತಿಯನ್ನು ಸೇರುವದಷ್ಟೆ. ಅಲ್ಲಿಯ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ 1980ರ ದಶಕದಲ್ಲಿ ಬೆಳಕಿಗೆ ಬಂದ, ದೇವಿಯ ಪೀಠಕ್ಕೆ ಬಳಕೆಯಾಗಿದ್ದ ಕಲ್ಲಿನಲ್ಲಿಯೂ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳ ಭಾಗಗಳೂ ಆ ಪ್ರತ್ಯೇಕ ಶಾಸನಗಳೂ ಇರುವವು. ನಡುವಿನ ಹದಿಮೂರನೆಯದು ಇಲ್ಲ. ಗಾಂಧಾರದ ಶಾಹಬಾಜಗಢಿಯಲ್ಲಿ ಓದಬಹುದಾದ ಅನುತಾಪವು, ತಾಯಂದಿರು ಮಕ್ಕಳನ್ನು ಕಳೆದುಕೊಂಡ ಕಳಿಂಗದಲ್ಲಿ ಓದಲು ಸಿಕ್ಕದು. ರಾಜಕಾರಣವು ಇದಕ್ಕೆ ಕಾರಣವಾಗಿರಬಹುದು. ಆದರೆ ನೀತಿಯ ದೃಷ್ಟಿಯಿಂದ ನೋಡಿದರೆ, ಪರರ ಮುಂದೆ ಅತ್ತು, ನೊಂದವರ ಮುಂದೆ ಉಪದೇಶ ಮಾಡಿದಂತಾಯಿತು.

ಇನ್ನು, ನೆಪ ಹೇಳುವದರ ವಿಚಾರ. ‘ಅಭಿಜ್ಞಾನಶಾಕುಂತಲ’ದ ಏಳನೆಯ ಅಂಕವನ್ನು ಪಾಠ ಹೇಳುವಾಗ ಒಂದು ಸಂಗತಿಯು ನನ್ನನ್ನು ಯಾವಾಗಲೂ ಹಿಡಿದು ನಿಲ್ಲಿಸುತ್ತಿದ್ದಿತು. ದುಷ್ಯಂತನು ಮರೆತದ್ದಕ್ಕೆ ದುರ್ವಾಸರ ಶಾಪವು ಕಾರಣವು. ಅವನ ಪಾಲಿಗೆ ಅದಕ್ಕಿಂತ ಬಲವಾದ ನೆಪವಿಲ್ಲ. ಆದರೆ ಶಕುಂತಲೆಯ ಕಾಲಿಗೆ ಬಿದ್ದಾಗ ಅವನಿಗೆ ಆ ಶಾಪದ ಸಂಗತಿಯೇ ತಿಳಿದಿಲ್ಲ! ಮಾರೀಚ ಮಹರ್ಷಿಯು ಅದನ್ನು ತಿಳಿಸುವದು ಅನಂತರ. ಕಾಳಿದಾಸನು ಈ ಕ್ರಮವನ್ನು ತಿರುವುಮುರುವು ಮಾಡಿದ್ದರೆ ಅರಸನ ನಮಸ್ಕಾರವು ವಕೀಲನ ವಾದವಾಗುತ್ತಿದ್ದಿತು. ಮೊದಲು ಕಾಲಿಗೆ ಬಿದ್ದವನಿಗೆ ಆಮೇಲೆ ದೊರೆತ ನೆಪವು ಪ್ರಸಾದದಂತೆ. ಮೊದಲೇ ನೆಪ ಹಿಡಿದು ಬಂದವನ ನಮಸ್ಕಾರವು ವ್ಯವಹಾರದಂತೆ.

ಇಷ್ಟೆಲ್ಲ ಬರೆಯಲು ನನಗೆ ಅಧಿಕಾರವಿದೆಯೇ ಎಂದು ವಾಚಕರು ಕೇಳಬಹುದು. ಇರುವದು ಅಧಿಕಾರವಲ್ಲ, ಋಣ. 1993ರಲ್ಲಿ, ಹೆಸರು ಬೇಡವಾದ ಒಂದು ಹಳ್ಳಿಯ ಶಾಲೆಯಲ್ಲಿ, ಸ್ನೇಹಸಮ್ಮೇಲನಕ್ಕೆಂದು ಕೂಡಿಸಿದ ಹಣದಲ್ಲಿ ನಲವತ್ತು ರೂಪಾಯಿ ಕಡಿಮೆ ಬಿದ್ದವು. ತತ್ತ್ವಪದಗಳನ್ನು ಬಲು ಸೊಗಸಾಗಿ ಹಾಡುತ್ತಿದ್ದ ಒಬ್ಬ ಬಡ ಹುಡುಗನ ಮೇಲೆ ನನ್ನ ಸಂಶಯವು ಹೋಯಿತು. ಬಡವನೆಂಬುದರ ಹೊರತು ಬೇರೆ ಪುರಾವೆಯಿರಲಿಲ್ಲ. ಇಡೀ ವರ್ಗದ ಮುಂದೆ ಅವನನ್ನು ಕಳ್ಳನೆಂದು ಕರೆದು ಹೊಡೆದೆನು. ಮೂರು ದಿನಗಳ ಮೇಲೆ ಆ ಹಣವು ನನ್ನದೇ ಹಾಜರಿಪುಸ್ತಕದ ಹೊದಿಕೆಯೊಳಗೆ ಸಿಕ್ಕಿತು. ಅಂದು ರಾತ್ರಿ ನಾನು ಉಣ್ಣಲಿಲ್ಲ. ನನ್ನ ಅನುತಾಪವು ಸುಳ್ಳಾಗಿರಲಿಲ್ಲ. ಮರುದಿನ ಕತ್ತಲಾದ ಮೇಲೆ ಅವನ ಗುಡಿಸಲಿಗೆ ಹೋಗಿ, ಒಂದು ಪೆನ್ನು ಕೊಟ್ಟು, ‘ಹೊಟ್ಟ್ಯಾಗ ಹಾಕ್ಕೋ’ ಎಂದೆನು. ನಮ್ಮ ಕಡೆಯ ಈ ನುಡಿಗಟ್ಟಿನ ಕ್ರೌರ್ಯವು ಆಗ ನನಗೆ ಹೊಳೆಯಲಿಲ್ಲ: ತಪ್ಪು ಮಾಡಿದವನು ನಾನು, ನುಂಗಬೇಕಾದವನು ಅವನು! ಹುಡುಗನು ‘ಇರ್ಲಿ ಬಿಡ್ರಿ ಸರ್’ ಎಂದನು. ಒಲೆಯ ಮುಂದೆ ಕುಳಿತ ಅವನ ತಾಯಿ ತಲೆಯೆತ್ತದೆ ಇಷ್ಟೇ ಅಂದಳು: “ಹೊಡದದ್ದು ಹಗಲಾಗ ರೀ.” ನಾನು ಕೇಳಿಸಿಕೊಳ್ಳದವನಂತೆ ಎದ್ದು ಬಂದೆನು. ಆ ವರ್ಷದ ಸಮ್ಮೇಲನದಲ್ಲಿ ಆ ಹುಡುಗನು ಹಾಡಲಿಲ್ಲ.

ಹಗಲು ಮಾಡಿದ ತಪ್ಪಿಗೆ ರಾತ್ರಿ ಕೇಳಿದ ಕ್ಷಮೆಯು ಅರ್ಧ ಕ್ಷಮೆ. ಹತ್ತು ಜನರ ಮುಂದೆ ಕಳೆದ ಮಾನವನ್ನು ಹತ್ತು ಜನರ ಮುಂದೆಯೇ ತಿರುಗಿ ಕೊಡಬೇಕಲ್ಲದೆ, ಗುಡಿಸಲಿನ ಕತ್ತಲೆಯಲ್ಲಿ ಪೆನ್ನಿನ ರೂಪದಲ್ಲಿ ಅಲ್ಲ. ಇದನ್ನು ಅರಿಯಲು ನನಗೆ ಇಪ್ಪತ್ತಾರು ವರ್ಷ ಬೇಕಾದವು. 2019ರಲ್ಲಿ, ನಾನು ನಿವೃತ್ತನಾದ ವರ್ಷ, ಅದೇ ವರ್ಗದ ಹಳೆಯ ವಿದ್ಯಾರ್ಥಿಗಳು ಗುರುವಂದನೆಯ ಸಮಾರಂಭಕ್ಕೆ ನನ್ನನ್ನು ಕರೆದರು. ಸೊಲ್ಲಾಪುರದಲ್ಲಿ ದುಡಿಯುತ್ತಿದ್ದ ಅವನಿಗೆ ಮೊದಲು ಫೋನು ಮಾಡಿ, ಈ ಮಾತನ್ನು ಸಭೆಯಲ್ಲಿ ಎತ್ತಬಹುದೇ ಎಂದು ಕೇಳಿದೆನು. ಏಕೆಂದರೆ ನನ್ನ ಮನಸ್ಸಿನ ಹಗುರಕ್ಕಾಗಿ ಅವನ ಗಾಯವನ್ನು ಮತ್ತೆ ಕೆದಕುವದೂ ಒಂದು ತಪ್ಪೇ. ಅವನು ಬಹಳ ಹೊತ್ತು ಸುಮ್ಮನಿದ್ದು, “ನನಗ ಬ್ಯಾಡ್ರಿ. ನಮ್ಮವ್ವ ಅದಾಳ, ಆಕೀಗೆ ಬೇಕು” ಎಂದನು. ಶಾಲು ಹೊದಿಸುವ ಮೊದಲು ನಾನು ಎದ್ದು ನಿಂತು, ಅವನ ಹೆಸರು ಹಿಡಿದು, ನಲವತ್ತು ರೂಪಾಯಿಯ ಲೆಕ್ಕವನ್ನೂ ಹಾಜರಿಪುಸ್ತಕದ ಸಂಗತಿಯನ್ನೂ ಹೇಳಿದೆನು. ‘ಕ್ಷಮಿಸಿರಿ’ ಎಂದು ಬೇಡಲಿಲ್ಲ. ‘ನಾನು ತಪ್ಪು ಮಾಡಿದೆ, ಅವನು ಕಳ್ಳನಲ್ಲ’ ಎಂದು ಮಾತ್ರ ಹೇಳಿದೆನು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಆ ತಾಯಿ ಏನೂ ಅನ್ನಲಿಲ್ಲ. ಸೆರಗು ಸರಿಪಡಿಸಿಕೊಂಡು ಎದ್ದು ಹೋದಳು. ಕ್ಷಮಿಸಿದಳೋ ಇಲ್ಲವೋ, ಕೇಳುವ ಹಕ್ಕು ನನಗಿಲ್ಲ.

ಮೊಮ್ಮಗಳಿಗೆ ನಾನು ಕೊಟ್ಟ ಉತ್ತರವಿಷ್ಟೇ: “ಹಾಡವರು ಹಾಡಲಿ ಅವ್ವಾ, ಹಾಡಿನಿಂದ ಮನಸ್ಸು ಮೆತ್ತಗಾಗುವದು, ಮೆತ್ತಗಾದ ಮೇಲೆ ಆ ಮನುಷ್ಯನ ಮನೆಗೆ ಹಗಲಿನಲ್ಲಿ ಹೋಗಬೇಕು.” ತಪ್ಪಿಗೆ ಅದರ ಹೆಸರನ್ನಿಟ್ಟು, ನೊಂದವರ ಎದುರಿಗೇ ನಿಂತು, ನೆಪವನ್ನು ಮನೆಯಲ್ಲಿ ಬಿಟ್ಟು, ತಪ್ಪು ನಡೆದ ಬೆಳಕಿನಲ್ಲಿಯೇ ಹೇಳಿ, ಮರಳಿ ಏನನ್ನೂ ಬೇಡದೆ ಬರುವದು: ನಿಜವಾದ ಕ್ಷಮಾಯಾಚನೆಗೆ ಇದಕ್ಕಿಂತ ಬೇರೆ ಲಕ್ಷಣವನ್ನು ನಾನು ಕಾಣೆನು. ಒತ್ತಿದ ಒಡ್ಡು ಹಿಂದೆ ಸರಿಯಿತೇ ಎಂಬುದನ್ನು ಮುಂದಿನ ಮಳೆಗಾಲವೇ ಹೇಳುವದು.