ಆವಿಗೆಯ ಘಟ, ತೆರೆಯ ಘಟ

ಹಸಿಮಣ್ಣಿನ ಘಟವು ಆವಿಗೆಯನ್ನು ಹೊಗುವಾಗ ಕಪ್ಪಾಗಿದ್ದು ಹೊರಬರುವಾಗ ಕೆಂಪಾಗಿರುವುದನ್ನು ಕಂಡು, ಆ ಕೆಲಸವನ್ನು ನಿತ್ಯವೂ ಮಾಡುವ ಕುಂಬಾರನನ್ನು ಎಂದೂ ಕಾಡದಿದ್ದ ಪ್ರಶ್ನೆಯೊಂದನ್ನು ನಮ್ಮ ಪ್ರಾಚೀನ ತಾರ್ಕಿಕರು ಎತ್ತಿಕೊಂಡು ಶತಮಾನಗಳವರೆಗೆ ವಾದಿಸಿದರು. ಒಳಗೆ ಹೋದ ಘಟವೇ ಹೊರಗೆ ಬಂದಿತೆ, ಅಥವಾ ಅದು ಒಳಗೇ ಅಳಿದು ಅದರ ಸ್ಥಾನದಲ್ಲಿ ಬೇರೊಂದು ಘಟವು ಹುಟ್ಟಿತೆ? ಅಗ್ನಿಯ ಅಭಿಘಾತದಿಂದ ಘಟವು ಪರಮಾಣುಗಳವರೆಗೂ ಬಿಡಿಬಿಡಿಯಾಗಿ, ಆ ಪರಮಾಣುಗಳಲ್ಲಿಯೇ ಕಪ್ಪು ನಶಿಸಿ ಕೆಂಪು ಹುಟ್ಟಿ, ಅವು ಮತ್ತೆ ಎರಡೆರಡಾಗಿ ಸೇರಿದ ದ್ವ್ಯಣುಕವೇ ಮೊದಲಾದ ಕ್ರಮದಿಂದ ಕೂಡಿಕೊಂಡು ಹೊಸ ಘಟವಾಗುವುದೆಂದು ವೈಶೇಷಿಕರು ಹೇಳಿದರು; ಇದು ಪೀಲುಪಾಕವಾದ. ಆವಿಗೆಯ ರಂಧ್ರದಿಂದ ಇಣಿಕಿದವನಿಗೆ ಘಟವು ಕ್ಷಣಮಾತ್ರವೂ ಕಾಣದೆ ಹೋಗುವುದಿಲ್ಲ, ಅದರ ಮೇಲೆ ಪೇರಿಸಿದ ಘಟಗಳು ಕುಸಿಯುವುದಿಲ್ಲ, ಆಕಾರ ಪರಿಮಾಣಗಳು ಕಿಂಚಿತ್ತೂ ಕದಲುವುದಿಲ್ಲ, ಆದುದರಿಂದ ಘಟವು ಇದ್ದಂತೆಯೇ ಇದ್ದು ಅದರ ವರ್ಣಮಾತ್ರ ಬದಲಾಗುವುದೆಂದು ನೈಯಾಯಿಕರು ಹೇಳಿದರು, ಇದು ಪಿಠರಪಾಕವಾದ. ವೈಶೇಷಿಕರು ಹಿಮ್ಮೆಟ್ಟಲಿಲ್ಲ. ಹಳೆಯ ದ್ವ್ಯಣುಕದ ನಾಶದಿಂದ ಹೊಸ ದ್ವ್ಯಣುಕದಲ್ಲಿ ಕೆಂಪು ತೋರುವವರೆಗೆ ಎಷ್ಟು ಕ್ಷಣಗಳು ಸಲ್ಲುವುವು, 9 ಎನ್ನಬೇಕೆ, 10 ಎನ್ನಬೇಕೆ, 11 ಎನ್ನಬೇಕೆ ಎಂದು ಎಣಿಸುತ್ತ ಕುಳಿತರು. ಈ ಎಣಿಕೆಯನ್ನು ಶಾಸ್ತ್ರಿಗಳ ವ್ಯರ್ಥ ವಿನೋದವೆಂದು ನಗುವವರುಂಟು. ಅನಿಮೇಷನ್ ಕಲಾವಿದರ ಮೇಜಿನ ಬಳಿ ಸ್ವಲ್ಪ ಹೊತ್ತು ಕುಳಿತುಬಂದವರು ಹಾಗೆ ನಗಲಾರರು.

ಎರಡು ಆಯಾಮಗಳ ಅನಿಮೇಷನ್ ತಂತ್ರಾಂಶದಲ್ಲಿ ಆಕೃತಿಯೆಂದರೆ ಕೆಲವು ಬಿಂದುಗಳು, ಅವನ್ನು ಕೂಡಿಸುವ ವಕ್ರರೇಖೆಗಳು, ಆ ರೇಖೆಗಳು ಸುತ್ತುವರಿದ ಬಯಲನ್ನು ತುಂಬುವ ಫಿಲ್ ಎಂಬ ವರ್ಣವಿಧಿ, ಇಷ್ಟೆ. ಆ ಫಿಲ್ ಒಂದೇ ಬಣ್ಣದ್ದಾಗಿರಬಹುದು. ಒಂದು ಬಣ್ಣದಿಂದ ಇನ್ನೊಂದಕ್ಕೆ ಜಾರುವ ಗ್ರೇಡಿಯೆಂಟ್ ಆಗಿರಬಹುದು. ಅಂಚಿನಲ್ಲಿ ಮಸುಕಾಗುವ, ಒಂದು ಪಾರ್ಶ್ವದಲ್ಲಿ ನೆರಳು ಹಿಡಿಯುವ, ಸುತ್ತಲೂ ಪ್ರಭೆಯನ್ನು ತಳೆಯುವ ವಿಶೇಷ ಎಫೆಕ್ಟ್ ಆಗಿರಬಹುದು. ಕಲಾವಿದನು ಟೈಮ್‌ಲೈನಿನ ಸೊನ್ನೆಯ ಫ್ರೇಮಿನಲ್ಲಿ ಘಟದ ಆಕೃತಿಗೆ ಕಪ್ಪನ್ನು ಕೊಟ್ಟು ಒಂದು ಕೀಫ್ರೇಮ್ ಇಡುವನು. 48ನೆಯ ಫ್ರೇಮಿನಲ್ಲಿ ಕೆಂಪನ್ನು ಕೊಟ್ಟು ಇನ್ನೊಂದನ್ನು ಇಡುವನು. ಸೆಕೆಂಡಿಗೆ 24 ಫ್ರೇಮುಗಳಂತೆ ಇದು ಎರಡು ಸೆಕೆಂಡುಗಳ ವ್ಯವಹಾರ. ನಡುವಣ 47 ಚಿತ್ರಗಳನ್ನು ಯಾರೂ ಬರೆಯುವುದಿಲ್ಲ. ಯಂತ್ರವು ಗಣಿಸಿ ತೋರುವುದು.

ಯಾವಾಗಲೂ ಹೀಗಿರಲಿಲ್ಲ. ಡಿಸ್ನಿ ಸಂಸ್ಥೆಯ ‘ಸ್ನೋ ವೈಟ್’ 1937ರಲ್ಲಿ ತೆರೆಗೆ ಬಂದ ಕಾಲದಲ್ಲಿ, ಪಾರದರ್ಶಕವಾದ ಸೆಲ್ ಹಾಳೆಯ ಮುಂಬದಿಯಲ್ಲಿ ಶಾಯಿಯ ರೇಖೆಯನ್ನೂ ಹಿಂಬದಿಯಲ್ಲಿ ವರ್ಣವನ್ನೂ ಕೈಯಿಂದಲೇ ಹಚ್ಚುತ್ತಿದ್ದರು. ಕ್ರಮಕ್ರಮವಾಗಿ ಮಾಗುವ ಬಣ್ಣವೆಂದರೆ ಅಂಥ ಹಾಳೆಹಾಳೆಗೂ ಬೇರೆಯೇ ಒಂದು ಮಿಶ್ರಣ, ಮತ್ತು ಮಿಶ್ರಣದಲ್ಲಿ ಎಳ್ಳಷ್ಟು ವ್ಯತ್ಯಾಸವಾದರೂ ತೆರೆಯ ಮೇಲೆ ಮಿಣುಕಾಟ. ಆದುದರಿಂದ ಆ ಯುಗದ ಪಾತ್ರಗಳ ಮೈಬಣ್ಣವು ಬಹುಮಟ್ಟಿಗೆ ಸಮತಟ್ಟಾಗಿಯೇ ಉಳಿಯಿತು. ನಡುವಣ ಚಿತ್ರಗಳನ್ನು ಗಣಕಕ್ಕೆ ಒಪ್ಪಿಸುವ ಉಪಾಯವನ್ನು ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಲಿಯಲ್ಲಿ ನೆಸ್ಟರ್ ಬರ್ಟ್ನಿಕ್ ಮತ್ತು ಮಾರ್ಸೆಲಿ ವೈನ್ ಎಂಬಿಬ್ಬರು 1970ರ ಸುಮಾರಿಗೆ ರೂಪಿಸಿದರು. ಅದನ್ನು ಬಳಸಿ ಪೀಟರ್ ಫೋಲ್ಡೆಸ್ ಎಂಬ ಕಲಾವಿದನು 1974ರಲ್ಲಿ ‘ಹಂಗರ್’ ಎಂಬ ಕಿರುಚಿತ್ರವನ್ನು ಮಾಡಿದನು. ಅದರಲ್ಲಿ ರೇಖೆಗಳು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಕರಗಿಹೋಗುವುದನ್ನು ನೋಡುವವನು, ಇದು ಮೊದಲಿನದೇ ವಸ್ತುವೆಂದೂ ಹೇಳಲಾರನು, ಬೇರೆಯದೆಂದೂ ಹೇಳಲಾರನು.

ನಡುವಿನ ಬಣ್ಣವನ್ನು ಯಂತ್ರವು ಎಲ್ಲಿಂದ ತಂದಿತು? ಆದಿಯೂ ಅಂತ್ಯವೂ ಗೊತ್ತಾದ ಮೇಲೆ ಮಧ್ಯವು ತಾನಾಗಿಯೇ ಸಿದ್ಧವಾಗಿರುವುದೆಂದು ನಾವು ಸಹಜವಾಗಿ ನಂಬುವೆವು. ಈ ನಂಬಿಕೆಗೆ ಆಧಾರವಿಲ್ಲ. ಶುದ್ಧ ಕೆಂಪಿನಿಂದ ಶುದ್ಧ ಹಸಿರಿಗೆ ಸಾಗಬೇಕೆಂದಿಟ್ಟುಕೊಳ್ಳೋಣ. ಕೆಂಪು, ಹಸಿರು, ನೀಲಿಗಳ ಅಂಶಗಳನ್ನು ಸೊನ್ನೆಯಿಂದ 255ರವರೆಗಿನ ಸಂಖ್ಯೆಗಳಾಗಿ ಎಣಿಸಿ ಪ್ರತಿಯೊಂದನ್ನೂ ಸಮವಾಗಿ ಜಾರಿಸಿದರೆ, ನಡುದಾರಿಯಲ್ಲಿ ಕೆಂಪೂ ಹಸಿರೂ ಅರ್ಧರ್ಧವಾಗಿ ಕೂಡಿ ಕೆಸರುಗಟ್ಟಿದ ಒಂದು ಮಂಕುಬಣ್ಣವಾಗುವುದು. ಅದನ್ನೇ ವರ್ಣಚಕ್ರದ ಕೋನಗಳಲ್ಲಿ ಎಣಿಸಿ, ಸೊನ್ನೆಯಿಂದ 120 ಡಿಗ್ರಿಗೆ ತಿರುಗಿಸಿದರೆ, 60ರ ಸ್ಥಾನದಲ್ಲಿ ಬೆಳಗುವ ಹಳದಿಯು ನಿಂತಿರುವುದು. ತುದಿಗಳೆರಡೂ ಅವೇ, ಕಾಲವೂ ಅದೇ, ಮಧ್ಯಮಾತ್ರ ಬೇರೆ. ಗ್ರೇಡಿಯೆಂಟಿನ ದಿಕ್ಕನ್ನು 350 ಡಿಗ್ರಿಯಿಂದ 10 ಡಿಗ್ರಿಗೆ ತಿರುಗಿಸೆಂದು ಹೇಳಿದರೆ, ವಿವೇಕವಿಲ್ಲದ ತಂತ್ರಾಂಶವು 20 ಡಿಗ್ರಿಗಳ ಹತ್ತಿರದ ದಾರಿಯನ್ನು ಬಿಟ್ಟು 340 ಡಿಗ್ರಿಗಳ ಪ್ರದಕ್ಷಿಣೆಯನ್ನು ಹಿಮ್ಮುಖವಾಗಿ ಮಾಡಿ ಬರುವುದುಂಟು. ಪರಿಣಾಮವೆಂಬುದು ತನ್ನ ತುದಿಗಳಲ್ಲಿ ಅಡಕವಾಗಿಲ್ಲ. ಯಾವ ಮಾನದಿಂದ ಅಳೆಯಬೇಕೆಂಬ ನಿಯಮವು ಅದಕ್ಕೆ ಬೇರೆಯಾಗಿ ಬೇಕು. ಆ ನಿಯಮವೋ, 49 ಫ್ರೇಮುಗಳಲ್ಲಿ ಯಾವುದನ್ನು ನಿಲ್ಲಿಸಿ ನೋಡಿದರೂ ಕಾಣುವುದಿಲ್ಲ. ಯೋಗಸೂತ್ರಗಳಿಗೆ ಭಾಷ್ಯವನ್ನು ಬರೆದ ವ್ಯಾಸರು, ಎರಡು ಕ್ಷಣಗಳು ಒಟ್ಟಿಗೆ ಇರುವುದೇ ಇಲ್ಲವಾದುದರಿಂದ ಅವುಗಳ ಕ್ರಮವು ಬಾಹ್ಯವಸ್ತುವಲ್ಲ, ಬುದ್ಧಿಯು ಹೆಣೆದುದೆಂದು ಹೇಳಿರುವುದು ಇಲ್ಲಿ ನೆನಪಾಗುವುದು. ಆದರೆ ತೆರೆಯ ಘಟದ ವಿಷಯದಲ್ಲಿ ಕ್ರಮವನ್ನು ನೋಡುವವನ ಬುದ್ಧಿಯಷ್ಟೇ ಹೆಣೆಯಲಿಲ್ಲ, ಮಾಡಿದವನ ಬುದ್ಧಿಯು ಮೊದಲೇ ಹೆಣೆದಿಟ್ಟಿತ್ತು.

ಎಲ್ಲ ಧರ್ಮಗಳಿಗೂ ಮಧ್ಯವಿರುವುದಿಲ್ಲವೆಂಬುದು ಇದಕ್ಕಿಂತ ಗಹನವಾದ ಸಂಗತಿ. ಮಸುಕಿನ ಅಗಲ, ನೆರಳಿನ ಕೋನ, ಬಣ್ಣದ ಸಾಂದ್ರತೆ ಇವು ಪರಿಮಾಣಗಳು. ಇವುಗಳಿಗೆ ಅರ್ಧವುಂಟು, ಕಾಲುಂಟು. ಆದರೆ ನೇರವಾಗಿ ಹರಿಯುವ ಗ್ರೇಡಿಯೆಂಟಿಗೂ ಕೇಂದ್ರದಿಂದ ವೃತ್ತಾಕಾರವಾಗಿ ಹರಡುವ ಗ್ರೇಡಿಯೆಂಟಿಗೂ ನಡುವೆ ಇರತಕ್ಕದ್ದು ಯಾವುದು? ಚುಕ್ಕೆಯ ಫಿಲ್‌ಗೂ ನೆರಳಿನ ಫಿಲ್‌ಗೂ ಅರ್ಧದಾರಿ ಯಾವುದು? ಇವು ಜಾತಿಗಳು, ಜಾತಿಯಿಂದ ಜಾತಿಗೆ ಜಾರಲು ಇಳಿಜಾರಿಲ್ಲ, ನೆಗೆತವೊಂದೇ ಉಂಟು. ಆದುದರಿಂದ ಚತುರನಾದ ಕಲಾವಿದನು ಇಂಥ ಕಡೆಗಳಲ್ಲಿ ಬೇರೊಂದು ಹಂಚಿಕೆಯನ್ನು ಹೂಡುವನು. ಒಂದೇ ಆಕೃತಿಯ ಎರಡು ಪ್ರತಿಗಳನ್ನು ಮಾಡಿ, ಒಂದಕ್ಕೆ ಹಳೆಯ ಎಫೆಕ್ಟನ್ನೂ ಇನ್ನೊಂದಕ್ಕೆ ಹೊಸದನ್ನೂ ಕೊಟ್ಟು, ಒಂದರ ಮೇಲೊಂದನ್ನು ಇಟ್ಟು, ಮೇಲಿನದನ್ನು ಮೆಲ್ಲಮೆಲ್ಲನೆ ಪಾರದರ್ಶಕವಾಗಿಸಿ ಇಲ್ಲವಾಗಿಸುವನು. ನೋಡುವವನು ಘಟವು ಬಣ್ಣ ತಿರುಗಿತೆನ್ನುವನು. ವಾಸ್ತವದಲ್ಲಿ ಒಂದು ಘಟವು ಅಳಿಯಿತು. ಅದೇ ಜಾಗದಲ್ಲಿ ಇನ್ನೊಂದು ಉಳಿಯಿತು.

ಹೀಗೆ ಪಿಠರಪಾಕವೂ ಪೀಲುಪಾಕವೂ ಒಂದೇ ತಂತ್ರಾಂಶದಲ್ಲಿ, ಒಬ್ಬನೇ ಕಲಾವಿದನ ಕೈಯಲ್ಲಿ, ಒಂದೇ ಮಧ್ಯಾಹ್ನದಲ್ಲಿ ನಡೆದುಹೋಗುವುವು; ಕುಶಲತೆಯಿಂದ ಮಾಡಿದಲ್ಲಿ ತೆರೆಯ ಮುಂದೆ ಕುಳಿತವನಿಗೆ ಎರಡಕ್ಕೂ ಭೇದವೇ ತಿಳಿಯದು. ನೈಯಾಯಿಕರ ಪ್ರಧಾನ ಯುಕ್ತಿಗೆ ಇದು ಬಲವಾದ ಪೆಟ್ಟು. ‘ಅದೇ ಇದು’ ಎಂಬ ಪ್ರತ್ಯಭಿಜ್ಞೆಯನ್ನು ಅವರು ದ್ರವ್ಯದ ಸ್ಥಿರತೆಗೆ ಸಾಕ್ಷಿಯಾಗಿ ನಿಲ್ಲಿಸಿದ್ದರು; ಆ ಸಾಕ್ಷಿಯು ಒಂದು ಘಟವಿದ್ದಲ್ಲಿಯೂ ಎರಡಿದ್ದಲ್ಲಿಯೂ ಒಂದೇ ಮಾತನ್ನು ಹೇಳುವುದಾದರೆ, ಅದರ ಮಾತಿಗೆ ನ್ಯಾಯಾಲಯದಲ್ಲಿ ಎಷ್ಟು ಬೆಲೆ? ರಂಧ್ರದಿಂದ ಇಣಿಕಿದವನ ಸಾಕ್ಷ್ಯವೂ ಇದರೊಡನೆಯೇ ಬಿದ್ದುಹೋಗುವುದು.

ಆದರೂ ಭೇದವು ಇಲ್ಲವೆಂದಲ್ಲ. ಅದನ್ನು ಕಾಣಲು ಬೇಕಾದ ಒರೆಗಲ್ಲು ಆಶ್ಚರ್ಯಕರವಾಗಿ ಬೌದ್ಧರ ಮನೆಯಲ್ಲಿಯೇ ದೊರೆಯುವುದು. ಏನನ್ನಾದರೂ ಮಾಡಬಲ್ಲದೇ ಸತ್ತು, ಅರ್ಥಕ್ರಿಯಾಸಾಮರ್ಥ್ಯವೇ ಸತ್ತೆಯ ಲಕ್ಷಣವೆಂದು ಧರ್ಮಕೀರ್ತಿಯು ಸಾಧಿಸಿದನು. ಆ ಲಕ್ಷಣದಿಂದಲೇ ಅವನ ಪರಂಪರೆಯವರು ಸರ್ವವೂ ಕ್ಷಣಿಕವೆಂದು ತೀರ್ಮಾನಿಸಿದರು. ಈ ಒರೆಗೆ ನಮ್ಮ ಎರಡು ಘಟಗಳನ್ನು ಹಚ್ಚಿ ನೋಡೋಣ. ಮರುದಿನ ನಿರ್ದೇಶಕನು ಬಂದು ಘಟದ ಕಂಠವು ಇನ್ನಷ್ಟು ನೀಳವಾಗಬೇಕೆಂದು ಹೇಳಿದನೆನ್ನಿ. ಒಂದೇ ಆಕೃತಿಯಾಗಿದ್ದಲ್ಲಿ ಕಲಾವಿದನು ಒಂದೆಡೆ ಬಿಂದುಗಳನ್ನು ಎಳೆದರೆ ಸಾಕು, ಕಪ್ಪಿನಿಂದ ಕೆಂಪಿನವರೆಗೆ ಎಲ್ಲ ಫ್ರೇಮುಗಳಲ್ಲಿಯೂ ಕಂಠವು ನೀಳವಾಗುವುದು. ಎರಡು ಆಕೃತಿಗಳಿದ್ದಲ್ಲಿ ಮೇಲಿನದು ಮಾತ್ರ ನೀಳವಾಗಿ, ಅದು ಪಾರದರ್ಶಕವಾಗುತ್ತ ಹೋದಂತೆ ಕೆಳಗಿನ ಗಿಡ್ಡ ಕಂಠವು ಬಯಲಾಗುವುದು. ಚಿತ್ರದಲ್ಲಿ ಕಾಣದ ಭೇದವು ತಿದ್ದುವ ಕ್ರಿಯೆಯಲ್ಲಿ ಕಂಡಿತು. ಹಾಗಾದರೆ, ಫ್ರೇಮುಗಳ ಸಾಲಿಗಿಂತ ಅತಿರಿಕ್ತವಾಗಿ, ಆ ಸಾಲನ್ನೆಲ್ಲ ಒಂದಾಗಿ ಹಿಡಿದಿರುವ ಏನೋ ಒಂದು ಕಾರ್ಯಸಮರ್ಥವಾಗಿ ಉಂಟೆಂದಾಯಿತು. ಕ್ಷಣಿಕವಾದಿಯ ಆಯುಧದಿಂದಲೇ ಸ್ಥಿರವಾದಿಯು ತನ್ನ ದ್ರವ್ಯವನ್ನು ರಕ್ಷಿಸಿಕೊಂಡಂತಾಯಿತು.

ಆ ಏನೋ ಒಂದು ಯಾವುದು? ಉಡುಪಿಯ ಮಧ್ವಾಚಾರ್ಯರ ಸಿದ್ಧಾಂತದಲ್ಲಿ, ದ್ರವ್ಯವಿರುವವರೆಗೂ ಇರುವ ಧರ್ಮಗಳು ದ್ರವ್ಯದಿಂದ ಅಭಿನ್ನವೆಂದೂ, ದ್ರವ್ಯವಿರುವಾಗಲೇ ಬಂದು ಹೋಗುವ ಧರ್ಮಗಳು ಅದಕ್ಕೆ ಭಿನ್ನಾಭಿನ್ನವೆಂದೂ ವಿಂಗಡಿಸಿರುವರು. ಬಹಳ ಉಪಯುಕ್ತವಾದ ವಿಂಗಡಣೆ. ಆದರೆ ಇದನ್ನು ತೆರೆಯ ಘಟಕ್ಕೆ ಅನ್ವಯಿಸಹೊರಟರೆ ದಿಗಿಲಾಗುವುದು. ಬಣ್ಣವು ಹೋಗತಕ್ಕದ್ದು, ಎಫೆಕ್ಟು ಹೋಗತಕ್ಕದ್ದು, ಬಿಂದುಗಳೂ ಚಲಿಸತಕ್ಕವು. ಆಯುಷ್ಯದುದ್ದಕ್ಕೂ ಬಿಡದೆ ಇರುವ ಧರ್ಮವೆಂದು ಹುಡುಕುತ್ತ ಹೋದರೆ ಕೊನೆಗೆ ಕೈಗೆ ಸಿಕ್ಕುವುದು ತಂತ್ರಾಂಶವು ಆ ಆಕೃತಿಗೆ ಕೊಟ್ಟಿರುವ ಗುರುತಿನ ಸಂಖ್ಯೆಯೊಂದೇ.

ಬೌದ್ಧನು ಇಲ್ಲಿಗಾಗಿಯೇ ಕಾದಿದ್ದಾನು. ಆ ಸಂಖ್ಯೆಯು ಎಲ್ಲಿರುವುದು? ಗಣಕದ ಸ್ಮೃತಿಕೋಶದಲ್ಲಿ. ಅಲ್ಲಿ ಒಂದೊಂದು ಅಂಶವೂ ಅತಿಸೂಕ್ಷ್ಮವಾದ ಕಣಜವೊಂದರಲ್ಲಿ ತುಂಬಿದ ವಿದ್ಯುದಾವೇಶ. ಅದು ಸೋರುತ್ತಲೇ ಇರುವುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳೊಳಗೆ ಒಮ್ಮೆ ಓದಿ ಮತ್ತೆ ಬರೆಯದಿದ್ದರೆ ಉಳಿಯಲಾರದು. ಎರಡು ಸೆಕೆಂಡುಗಳಲ್ಲಿ ಘಟದ ಬಣ್ಣವು ಮಾಗುವಷ್ಟರಲ್ಲಿ, ಅದರ ಸ್ಥಿರತೆಗೆ ಆಧಾರವೆಂದು ನಾವು ತೋರಿಸಿದ ಸಂಖ್ಯೆಯೇ ಮೂವತ್ತಕ್ಕೂ ಹೆಚ್ಚು ಸಲ ಸತ್ತು ಹುಟ್ಟಿರುವುದು. ದ್ರವ್ಯವೆಂದು ಹಿಡಿದದ್ದು ಸಂತಾನವಾಗಿ, ಎಂದರೆ ಕ್ಷಣಕ್ಷಣಗಳ ಬರಿಯ ಪ್ರವಾಹವಾಗಿ, ಪರಿಣಮಿಸಿತು.

ಬ್ರಹ್ಮಸೂತ್ರಭಾಷ್ಯದಲ್ಲಿ ಕ್ಷಣಿಕವಾದವನ್ನು ಖಂಡಿಸುವಾಗ ಶಂಕರಾಚಾರ್ಯರು ಸ್ಮರಣೆಯನ್ನು ಮುಂದೊಡ್ಡುವರು: ಹಿಂದೆ ಕಂಡವನೂ ಇಂದು ನೆನೆಯುವವನೂ ಒಬ್ಬನೇ ಆಗದಿದ್ದರೆ ನೆನಪೇ ಸಂಭವಿಸದು. ಈ ಯುಕ್ತಿಯನ್ನು ಗಣಕದ ಸ್ಮೃತಿಕೋಶಕ್ಕೆ ಹೊರಿಸುವುದು ಉಚಿತವಲ್ಲವೆಂದು ನನ್ನ ಮತ. ಅಲ್ಲಿ ಓದಿ ಬರೆಯುವ ವಿದ್ಯುನ್ಮಂಡಲಕ್ಕೆ ತಾನು ಓದಿದ್ದು ಏನೆಂಬ ಅರಿವಿಲ್ಲ. ಆಚಾರ್ಯರು ಮಾತನಾಡಿದ್ದು ಅರಿಯುವವನನ್ನು ಕುರಿತು. ಆದುದರಿಂದ ಘಟದ ಮಟ್ಟಿಗೆ ಬೌದ್ಧನಿಗೆ ಸೋಲಲು ನನಗೆ ಸಂಕೋಚವಿಲ್ಲ. ಆದರೆ ಅದೇ ವಾದವನ್ನು ಅವನು ನೋಡುವವನ ಮೇಲೂ ನಡೆಸಬಂದರೆ ಹಾಗೆಯೇ ಬಿಡಲಾರೆನು. ಏಕೆಂದರೆ ನಡುವಣ 47 ಫ್ರೇಮುಗಳಲ್ಲಿ ಯಾವುದೂ ತನ್ನ ಹಿಂದಿನ ಫ್ರೇಮನ್ನು ಅರಿಯದು, ಘಟವು ಕೆಂಪಾಯಿತೆಂಬ ಮಾತು ಕೆಂಪನ್ನು ಕಾಣುತ್ತಿರುವಾಗ ಕಪ್ಪನ್ನು ಇನ್ನೂ ಬಿಡದೆ ಹಿಡಿದಿರುವವನೊಬ್ಬನ ಬಾಯಿಂದಲ್ಲದೆ ಹೊರಡಲಾರದು, ಮತ್ತು ಆ ಹಿಡಿದಿರುವವನನ್ನು ಸ್ವತಃ ಒಂದು ಫ್ರೇಮನ್ನಾಗಿ ಮಾಡಿ ಸಾಲಿನಲ್ಲಿ ನಿಲ್ಲಿಸಿದರೆ ಸಾಲನ್ನು ನೋಡಲು ಮತ್ತೊಬ್ಬನು ಬೇಕಾಗುವನು.